ಎರಡು ಸಲ ಬೇಡ ಅಂದ ಮಗುವಿಗೆ ಹತ್ತನೇ ಸಲವೂ ಹೀರೆಕಾಯಿ ಕೊಡಿ

ನನ್ನ ಹತ್ತಿರ ಬರುವ ತಾಯಂದಿರಲ್ಲಿ ಮುಕ್ಕಾಲು ಪಾಲು ಜನ ಕೂತ ತಕ್ಷಣ ಹೇಳುವ ಮಾತು ಒಂದೇ. "ಮೇಡಂ, ಇವನು ತರಕಾರಿ ಮುಟ್ಟೋದೇ ಇಲ್ಲ." ಆ ಮಗು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಎಷ್ಟು ಸಲ ಕೊಟ್ಟು ನೋಡಿದ್ದೀರಿ ಅಂತ ಕೇಳಿದರೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಹೀರೆಕಾಯಿ ಪಲ್ಯ ಮಾಡಿದರು, ಮಗು ಮುಖ ತಿರುಗಿಸಿತು, ಇನ್ನೊಂದು ಸಲ ಮಾಡಿದರು, ಉಗಿಯಿತು, ಅಲ್ಲಿಗೆ ಮನೆಗೆ ಹೀರೆಕಾಯಿ ಬರುವುದೇ ನಿಂತುಹೋಯಿತು. ಹಾಸನದಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಾ, ಸುತ್ತಮುತ್ತಲ ಶಾಲೆಗಳಿಗೂ ಓಡಾಡುತ್ತಾ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು, ಆದರೂ ಯಾರ ಕಿವಿಗೂ ಸರಿಯಾಗಿ ಬೀಳದ ಮಾತು ಇದು: ಎರಡು ಸಲ ಅನ್ನುವುದು ಲೆಕ್ಕವೇ ಅಲ್ಲ.

ಮಕ್ಕಳಿಗೆ ಸಿಹಿ ಹುಟ್ಟಿನಿಂದಲೇ ಇಷ್ಟ. ಕಹಿ, ಒಗರು, ಸೊಪ್ಪಿನ ಹಸಿ ವಾಸನೆ ಇವೆಲ್ಲ ಕಲಿತು ಬರಬೇಕಾದ ರುಚಿಗಳು. ಅದರಲ್ಲೂ ಸುಮಾರು ಎರಡರಿಂದ ಆರು ವರ್ಷದವರೆಗೆ ಹೊಸದಾಗಿ ಕಂಡ ತಿನಿಸನ್ನು ಬೇಡ ಅನ್ನುವುದು ಮಕ್ಕಳ ಸಹಜ ಗುಣ. ಅದು ಹಟವೂ ಅಲ್ಲ, ನಿಮ್ಮ ಅಡುಗೆಯ ತಪ್ಪೂ ಅಲ್ಲ. ಮನೆಗೆ ಹೊಸ ನೆಂಟರು ಬಂದರೆ ಮಗು ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ನಾಲ್ಕಾರು ಸಲ ಬಂದು ಹೋದ ಮೇಲೆ ಅವರ ತೊಡೆಯೇರಿ ಕೂರುತ್ತದೆ, ಅಲ್ವಾ? ತರಕಾರಿಯೂ ಹಾಗೇ. ಒಂದೇ ತರಕಾರಿಯನ್ನು ಎಂಟು, ಹತ್ತು, ಕೆಲವು ಮಕ್ಕಳಿಗೆ ಹದಿನೈದು ಸಲ ಮುಂದಿಡಬೇಕಾಗುತ್ತದೆ ಎಂದು ಈ ವಿಷಯದ ಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಎಲ್ಲ ಮಕ್ಕಳೂ ಒಪ್ಪಿಯೇ ಒಪ್ಪುತ್ತವೆ ಅಂತ ನಾನು ಬರೆದುಕೊಡಲಾರೆ. ಆದರೆ ಮೂರನೇ ಸಲಕ್ಕೆ ಕೈಬಿಟ್ಟವರು ಗೆಲ್ಲುವ ಆಟವನ್ನು ಅರ್ಧಕ್ಕೆ ಬಿಟ್ಟು ಎದ್ದಂತೆ ಎನ್ನುವುದನ್ನಂತೂ ಧೈರ್ಯವಾಗಿ ಹೇಳುತ್ತೇನೆ.

ಇಲ್ಲಿ ಇನ್ನೊಂದು ಗೊಂದಲವಿದೆ. "ಒಂದು ಸಲ" ಅಂದರೆ ಒಂದು ಬಟ್ಟಲು ಪಲ್ಯ ಖಾಲಿಯಾಗಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಕಡಲೆಕಾಳಿನಷ್ಟು ಒಂದು ಚೂರು ಸಾಕು. ನಾಲಿಗೆಗೆ ತಾಗಿಸಿ ವಾಪಸ್ ಇಟ್ಟರೂ ಅದು ಒಂದು ಸಲ. ನೆಕ್ಕಿದರೂ ಒಂದು ಸಲ. ಮೂಸಿ ನೋಡಿ ಬಿಟ್ಟರೆ ಅದು ಪೂರ್ತಿ ಸಲ ಅಲ್ಲದಿದ್ದರೂ ವ್ಯರ್ಥವಂತೂ ಅಲ್ಲ. ಹಾಗಾಗಿ ತಟ್ಟೆಯಲ್ಲಿ ಮಗು ಇಷ್ಟಪಡುವ ಅನ್ನ ಸಾರು ಇರಲಿ, ಪಕ್ಕದಲ್ಲಿ ಎರಡು ಚೂರು ಹೀರೆಕಾಯಿ ಇರಲಿ. ತಿಂದರೆ ಸರಿ, ಬಿಟ್ಟರೆ ಸುಮ್ಮನೆ ತಟ್ಟೆ ಎತ್ತಿಡಿ. ಮಾತು ಬೇಡ. ಎರಡು ದಿನ ಬಿಟ್ಟು ಮತ್ತೆ ಎರಡು ಚೂರು.

ಇದನ್ನು ಕೇಳಿದ ಮೇಲೂ ಮನೆಗಳಲ್ಲಿ ನಡೆಯುವುದು ಬೇರೆಯೇ. ಒಬ್ಬರು ಕೈಕಾಲು ಹಿಡಿದು ತುರುಕುತ್ತಾರೆ. ಇನ್ನೊಬ್ಬರು ಪಲ್ಯ ತಿಂದರೆ ಚಾಕೊಲೇಟ್ ಕೊಡುತ್ತೇನೆ ಅನ್ನುತ್ತಾರೆ, ಅದರಿಂದ ಚಾಕೊಲೇಟ್ ಬಹುಮಾನ, ಪಲ್ಯ ಶಿಕ್ಷೆ ಅಂತ ಮಗುವಿಗೆ ಚೆನ್ನಾಗಿ ಪಾಠವಾಗುತ್ತದೆ. ಮತ್ತೆ ಕೆಲವರು ಕ್ಯಾರೆಟ್ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸುತ್ತಾರೆ. ಇದು ಕೆಟ್ಟದ್ದಲ್ಲ, ಹೊಟ್ಟೆಗೆ ಹೋಗುತ್ತದೆ, ಒಳ್ಳೆಯದೇ. ಆದರೆ ಬಚ್ಚಿಟ್ಟ ಕ್ಯಾರೆಟ್ಟಿನಿಂದ ಮಗು ಕ್ಯಾರೆಟ್ ತಿನ್ನಲು ಕಲಿಯುವುದಿಲ್ಲ. ದೋಸೆ ತಿನ್ನಲು ಅದಕ್ಕೆ ಮೊದಲೇ ಗೊತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಮಗುವಿನ ಎದುರೇ "ಇವಳು ಸೊಪ್ಪು ತಿನ್ನಲ್ಲ" ಅಂತ ಬಂದವರಿಗೆಲ್ಲ ಹೇಳುವುದು. ಆ ಮಗು ಮುಂದೆ ಅದನ್ನೇ ತನ್ನ ಗುರುತು ಮಾಡಿಕೊಳ್ಳುತ್ತದೆ. ದಯವಿಟ್ಟು ಈ ಒಂದನ್ನಾದರೂ ಇವತ್ತೇ ನಿಲ್ಲಿಸಿ.

ಈ ಕೆಲಸಕ್ಕೆ ಮನೆಯ ಜೊತೆ ಶಾಲೆಯೂ ಕೈಜೋಡಿಸಬೇಕು ಅನ್ನುತ್ತೇನೆ. ಯಾಕೆ? ಹತ್ತು ಹದಿನೈದು ಸಲ ಒಂದೇ ತರಕಾರಿಯನ್ನು ಮುಂದಿಡುವ ತಾಳ್ಮೆ, ಸಮಯ, ದುಡ್ಡು ಮೂರೂ ಒಂದು ಮನೆಯಲ್ಲಿ ಸಿಗುವುದು ಕಷ್ಟ. ಕೂಲಿಗೆ ಹೋಗಿ ಬಂದ ತಾಯಿ, ಮಗು ಬಿಡುತ್ತದೆ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಅದನ್ನೇ ಕೊಂಡು ತರಲಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಶಾಲೆಯಲ್ಲಾದರೆ ಒಂದು ಸೋರೆಕಾಯಿ ಇಡೀ ತರಗತಿಗೆ ಸಾಕು. ಜೊತೆಗೆ ಅಲ್ಲಿ ಗೆಳೆಯರಿದ್ದಾರೆ. ಮಕ್ಕಳ ಊಟದ ಅಭ್ಯಾಸಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ತರಕಾರಿ ಬೇಡ ಎನ್ನುವ ಪುಟ್ಟ ಮಗುವನ್ನು, ಅದೇ ತರಕಾರಿಯನ್ನು ಇಷ್ಟಪಟ್ಟು ತಿನ್ನುವ ಮಕ್ಕಳ ಜೊತೆ ಕೆಲವು ದಿನ ಊಟಕ್ಕೆ ಕೂರಿಸಿದರು. ಯಾರೂ ಒತ್ತಾಯ ಮಾಡಲಿಲ್ಲ. ನಾಲ್ಕು ದಿನದೊಳಗೆ ಮಕ್ಕಳ ಆಯ್ಕೆ ಬದಲಾಗತೊಡಗಿತು.

ಇದನ್ನು ನಾನು ಆಲೂರು ಕಡೆಯ ಒಂದು ಸರ್ಕಾರಿ ಶಾಲೆಯ ಜಗಲಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಎರಡನೇ ತರಗತಿ. ಬೀಟ್‌ರೂಟ್ ಬೇಯಿಸಿ, ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ನಿಂಬೆರಸ ಹಿಂಡಿ ಇಟ್ಟಿದ್ದೆವು. ಒಬ್ಬ ಹುಡುಗ ತಟ್ಟೆಯನ್ನೇ ದೂರ ತಳ್ಳಿ ಕೂತ. ಪಕ್ಕದ ಹುಡುಗಿ ಒಂದು ಚೂರು ಬಾಯಿಗೆ ಹಾಕಿಕೊಂಡು ನಾಲಿಗೆ ಚಾಚಿ ತೋರಿಸಿದಳು, ಕೆಂಪಗೆ. ಇಡೀ ಸಾಲು ನಾಲಿಗೆ ಚಾಚುವ ಸ್ಪರ್ಧೆಗೆ ಇಳಿಯಿತು. ಇವನು ಎರಡು ನಿಮಿಷ ನೋಡಿದ. ಆಮೇಲೆ ಒಂದು ಚೂರನ್ನು ನಾಲಿಗೆ ಮೇಲೆ ಉಜ್ಜಿಕೊಂಡು, ನಾಲಿಗೆ ಕೆಂಪಾಯಿತಾ ಅಂತ ಪಕ್ಕದವಳಿಗೆ ತೋರಿಸಿ, ಚೂರನ್ನು ತಟ್ಟೆಗೆ ವಾಪಸ್ ಇಟ್ಟ. ಅವರ ಮಿಸ್ ಬೇಜಾರಾಗಿ "ನೋಡಿ ಮೇಡಂ, ತಿನ್ನಲೇ ಇಲ್ಲ" ಅಂದರು. ಇಲ್ಲ ಮಿಸ್, ಇವತ್ತು ಅವನ ಮೊದಲನೇ ಸಲ ಆಯಿತು, ನನಗೆ ಇಷ್ಟೇ ಬೇಕಿತ್ತು ಅಂದೆ. ಆ ಮಿಸ್ ಅದನ್ನು ಹಿಡಿದುಕೊಂಡರು. ವಾರಕ್ಕೆ ಎರಡು ಸಲ ಅದೇ ಬೀಟ್‌ರೂಟ್. ಅರ್ಧವಾರ್ಷಿಕ ಪರೀಕ್ಷೆ ಹೊತ್ತಿಗೆ ಆ ಹುಡುಗ ತಿನ್ನುತ್ತಿದ್ದ. ಇಷ್ಟಪಟ್ಟು ತಿನ್ನುತ್ತಿದ್ದನೋ ಗೊತ್ತಿಲ್ಲ, ತಿನ್ನುತ್ತಿದ್ದ.

ಅದಕ್ಕೇ ಶಾಲೆಗಳು ವರ್ಷಕ್ಕೊಂದು ದಿನ "ತರಕಾರಿ ದಿನ" ಮಾಡಿ ಮುಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮಕ್ಕಳಿಗೆ ಬದನೆಕಾಯಿ ವೇಷ, ಟೊಮೆಟೊ ವೇಷ, ಚಾರ್ಟು, ಭಾಷಣ, ಫೋಟೊ. ಅದಕ್ಕೆ ಟೀಚರುಗಳು ಪಡುವ ಶ್ರಮ ನನಗೆ ಗೊತ್ತು, ರಾತ್ರಿ ಕೂತು ಥರ್ಮೊಕೋಲ್ ಕತ್ತರಿಸಿರುತ್ತಾರೆ. ಆ ಶ್ರಮದ ಕಾಲು ಭಾಗವನ್ನು ಪ್ರತಿ ಶುಕ್ರವಾರ ಹತ್ತು ನಿಮಿಷದ ರುಚಿ ನೋಡುವ ಕೆಲಸಕ್ಕೆ ಹಾಕಿದರೆ ವರ್ಷದ ಕೊನೆಗೆ ಮಕ್ಕಳಿಗೆ ಮೂರು ನಾಲ್ಕು ಹೊಸ ತರಕಾರಿ ಅಭ್ಯಾಸವಾಗಿರುತ್ತದೆ. ವೇಷ ಹಾಕಿದ ಮಗುವಿಗೆ ಬದನೆಕಾಯಿಯ ರುಚಿ ಗೊತ್ತಾಗುವುದಿಲ್ಲ.

ಶಾಲೆಯಲ್ಲಿ ಕಲಿತದ್ದು ಮನೆಗೆ ಹೋಗಬೇಕು. ಇಲ್ಲಿ ಹ್ಯೂಸ್ಟನ್ ನಗರದ ಒಂದು ಕೆಲಸ ನೆನಪಾಗುತ್ತದೆ. ಅಮೆರಿಕದ ಆ ಊರಲ್ಲಿ 2012ರಲ್ಲಿ ಬ್ರೈಟರ್ ಬೈಟ್ಸ್ ಅನ್ನುವ ಸಂಸ್ಥೆ ಶುರುವಾಯಿತು, ಕಟ್ಟಿದವರಲ್ಲಿ ಶ್ರೀಲಾ ಶರ್ಮಾ ಎಂಬ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕಿಯೂ ಒಬ್ಬರು. ಅವರು ಮಾಡುವುದು ಮೂರು ಕೆಲಸ. ವಾರವಾರ ಶಾಲೆಯಿಂದಲೇ ಪ್ರತಿ ಮನೆಗೆ ಒಂದು ಚೀಲ ತಾಜಾ ಹಣ್ಣು ತರಕಾರಿ, ತರಗತಿಯಲ್ಲಿ ಆಹಾರದ ಪಾಠ, ಚೀಲ ಒಯ್ಯಲು ಬಂದ ತಂದೆ ತಾಯಿಗೆ ಅದೇ ತರಕಾರಿಯಲ್ಲಿ ಮಾಡಿದ ಒಂದು ತಿನಿಸಿನ ರುಚಿ. ಮೂರೂ ಒಟ್ಟಿಗೆ ಇರುವುದೇ ಇದರ ಬಲ. ಬರೀ ಚೀಲ ಕೊಟ್ಟರೆ ಗೊತ್ತಿಲ್ಲದ ತರಕಾರಿ ಮೂಲೆಯಲ್ಲಿ ಬಾಡಿ ಹಸುವಿನ ಬಾನಿಗೆ ಹೋಗುತ್ತದೆ. ಬರೀ ಪಾಠ ಮಾಡಿದರೆ ಮಗು ಮನೆಗೆ ಹೋಗಿ ಕೇಳಿದಾಗ ತರಕಾರಿ ಇರುವುದಿಲ್ಲ.

ನಮ್ಮ ಊರಿನ ಅಳತೆಗೆ ಇದನ್ನು ಚಿಕ್ಕದು ಮಾಡಿಕೊಳ್ಳಬಹುದು. ನಾನು ಶಾಲೆಗಳಿಗೆ ಹೇಳುವುದು ಇಷ್ಟು. ಚೀಲದಲ್ಲಿ ಎರಡೇ ತರಕಾರಿ ಇರಲಿ, ಮನೆಯವರಿಗೆ ಗೊತ್ತಿರುವುದು ಒಂದು, ಆ ವಾರ ಮಕ್ಕಳು ಶಾಲೆಯಲ್ಲಿ ರುಚಿ ನೋಡಿದ್ದು ಇನ್ನೊಂದು. ಸಂಜೆ ಗೇಟಿನ ಹತ್ತಿರ ಮಕ್ಕಳಿಗೆ ಕಾಯುತ್ತಾ ನಿಂತಿರುತ್ತಾರಲ್ಲ, ಆ ತಾಯಂದಿರು, ಅಜ್ಜಿಯರು, ಅವರ ಕೈಗೆ ಒಂದು ತುತ್ತು ಕೊಡಿ. ಅಜ್ಜಿ ಒಪ್ಪಿದರೆ ಮನೆ ಒಪ್ಪಿದಂತೆ. ಅಡುಗೆ ಮಾತ್ರ ಆ ಮನೆಯದ್ದೇ ಆಗಿರಲಿ. ಸಲಾಡ್, ಸೂಪ್ ಅಂತ ಚೀಟಿ ಬರೆದುಕೊಟ್ಟರೆ ಯಾರೂ ಮಾಡುವುದಿಲ್ಲ. ದಂಟಿನ ಸೊಪ್ಪು ಕೊಟ್ಟರೆ ಬಸ್ಸಾರು, ಬೆರಕೆ ಸೊಪ್ಪು ಕೊಟ್ಟರೆ ಮಸ್ಸೊಪ್ಪು, ಸಕಲೇಶಪುರದ ಕಡೆಯಾದರೆ ಅಕ್ಕಿ ರೊಟ್ಟಿಗೆ ಎಣ್ಣೆಗಾಯಿ. ಗೇಟಿನ ಹತ್ತಿರ ಒಬ್ಬರು ಹೀರೆಕಾಯಿ ಸಿಪ್ಪೆ ಚಟ್ನಿ ಹೇಗೆ ಮಾಡುವುದು ಅಂತ ಶುರು ಮಾಡಿದರೆ ನನ್ನ ಯಾವ ಭಾಷಣವೂ ಬೇಕಾಗುವುದಿಲ್ಲ.

ಅವರೆಕಾಯಿ ಕಾಲದಲ್ಲಂತೂ ಮಕ್ಕಳ ಕೈಗೇ ಕೆಲಸ ಕೊಡಿ. ಕಾಯಿ ಸುಲಿದು, ನೆನೆಸಿದ ಕಾಳನ್ನು ಹಿತುಕಿ ಪುಳಕ್ಕಂತ ಬಟ್ಟಲಿಗೆ ಹಾರಿಸುವುದು ಮಕ್ಕಳಿಗೆ ಆಟ. ಸೊಗಡು ಬೆರಳಿಗೆ ಅಂಟಿದ ಮೇಲೆ ಆ ಸಾರನ್ನು ಬೇಡ ಅನ್ನುವ ಮಕ್ಕಳು ಕಡಿಮೆ.

ಆಲೂಗಡ್ಡೆ ವಿಷಯ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ನಮ್ಮದು ಆಲೂಗಡ್ಡೆ ಬೆಳೆಯುವ ಜಿಲ್ಲೆ. "ತರಕಾರಿ ತಿಂತಾನೆ ಮೇಡಂ, ಆಲೂಗಡ್ಡೆ ಪಲ್ಯ ಅಂದ್ರೆ ಪ್ರಾಣ" ಅನ್ನುತ್ತಾರೆ. ಆಲೂಗಡ್ಡೆ ತಿನ್ನಲಿ, ಅಡ್ಡಿಯಿಲ್ಲ. ಆದರೆ ಅದನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರು ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಅಂದಾಗ ಅದರಲ್ಲಿ ಆಲೂಗಡ್ಡೆಯನ್ನು ಸೇರಿಸಿಲ್ಲ. ಅದು ಅನ್ನ, ಮುದ್ದೆಯ ಗುಂಪಿನದು. ಹಾಗೇ ಸೇಬು. ಮಗುವಿಗೆ ಹುಷಾರಿಲ್ಲ ಅಂದರೆ ಸಾಲ ಮಾಡಿಯಾದರೂ ಸೇಬು ತರುತ್ತಾರೆ, ಹಿತ್ತಲಲ್ಲಿ ಸೀಬೆಹಣ್ಣು ಉದುರಿ ಕೊಳೆಯುತ್ತಿರುತ್ತದೆ. ಸಿ ವಿಟಮಿನ್ನಿನಲ್ಲಿ ಸೀಬೆಯ ಹತ್ತಿರಕ್ಕೂ ಸೇಬು ಬರುವುದಿಲ್ಲ. ಸೊಪ್ಪು, ಕಾಳು ತಿಂದಾಗ ಅದರ ಕಬ್ಬಿಣ ಮೈಗೆ ಹತ್ತಲು ಈ ಸಿ ವಿಟಮಿನ್ ನೆರವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಕಬ್ಬಿಣ ಮೈಗೆ ಹತ್ತಲು ಅಡ್ಡಿ ಮಾಡುವ ಟೀಯನ್ನು ಊಟದ ಜೊತೆ ಕೊಡುವುದನ್ನು ಬಿಟ್ಟು ಒಂದು ಹೋಳು ಸೀಬೆ ಕೊಡುವುದು ಸಣ್ಣ ವಿಷಯವಲ್ಲ.

ಬಿಸಿಯೂಟ ಇದೆಯಲ್ಲ, ಅದರಲ್ಲಿ ತರಕಾರಿ ಇರುತ್ತದಲ್ಲ ಅಂತ ಕೇಳುವವರಿದ್ದಾರೆ. ಇರುತ್ತದೆ. ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟಕ್ಕೆ 75 ಗ್ರಾಂ. ಅಡುಗೆಯ ಅಕ್ಕಂದಿರು ಸಿಕ್ಕಿದ್ದರಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಎಲ್ಲವೂ ಸಾಂಬಾರಿನಲ್ಲಿ ಒಟ್ಟಾಗಿ ಬೆಂದು ಬಂದರೆ ಮಗು ಚೂರುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಅನ್ನ ಮಾತ್ರ ತಿನ್ನುತ್ತದೆ. ವಾರಕ್ಕೊಂದು ದಿನ, ಅದೇ ತರಕಾರಿಯಲ್ಲಿ ಸ್ವಲ್ಪವನ್ನು ಬೇರೆಯಾಗಿ ಬೇಯಿಸಿ ಒಗ್ಗರಣೆ ಹಾಕಿ ಕೊಡಲು ಆಗುತ್ತದಾ ಅಂತ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕೇಳಿ. ಹೆಚ್ಚಿನ ಖರ್ಚಿಲ್ಲ. ಒಂದು ಬಾಣಲೆ, ಒಂದಿಷ್ಟು ಸಾಸಿವೆ, ಸ್ವಲ್ಪ ಹೊತ್ತು. ಆ ಹೊತ್ತು ಅಡುಗೆಯವರದ್ದು, ಹಾಗಾಗಿ ಅವರನ್ನು ಮೊದಲು ಕೇಳಿ.

ಎಚ್ಚರಿಕೆಯ ಮಾತು ಕೆಲವು. ನಾನು ಹೇಳಿದ್ದೆಲ್ಲ ಸಾಮಾನ್ಯವಾಗಿ ಆರೋಗ್ಯವಾಗಿರುವ ಮಕ್ಕಳ ಬಗ್ಗೆ. ತೂಕ ಏರದ ಮಗು, ನುಂಗಲು ಕಷ್ಟಪಡುವ ಮಗು, ಮೂರು ನಾಲ್ಕು ತಿನಿಸು ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸದ ಮಗು, ಯಾವುದೋ ತಿಂದಾಗ ಮೈಮೇಲೆ ದದ್ದು ಏಳುವ ಮಗು, ಇವರನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು, ಅಂಕಣ ಓದಿ ಕೂರಬಾರದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಹಸಿ ಕ್ಯಾರೆಟ್ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತುರಿದು ಕೊಡಿ, ಇಲ್ಲ ಬೇಯಿಸಿ ಕೊಡಿ. ಶಾಲೆಯಲ್ಲಿ ಹೆಚ್ಚುವ ಮೊದಲು ತರಕಾರಿ, ಚಾಕು, ಕೈ ಮೂರನ್ನೂ ಚೆನ್ನಾಗಿ ತೊಳೆಯಬೇಕು.

ಜೂನ್‌ನಲ್ಲಿ ಶಾಲೆ ತೆರೆದಾಗ ಈ ಚೀಲದ ಕೆಲಸ ಶುರು ಮಾಡುವವರು ಯಾವ ಕಾರಣಕ್ಕೂ ಸೊಪ್ಪಿನಿಂದ ಶುರು ಮಾಡಬೇಡಿ. ಮಲೆನಾಡಿನ ಕಡೆ ಮಳೆ ಹಿಡಿದರೆ ಸೊಪ್ಪು ಒಂದೇ ದಿನಕ್ಕೆ ಕೊಳೆತು ಚೀಲವೆಲ್ಲ ನೀರಾಗುತ್ತದೆ, ತಾಯಂದಿರು ಎರಡನೇ ವಾರ ಚೀಲವನ್ನೇ ಬೇಡ ಅನ್ನುತ್ತಾರೆ. ಸಿಹಿಕುಂಬಳ, ಸೀಮೆಬದನೆ, ಬೀಟ್‌ರೂಟ್ ಇಂಥವು ಕೆಲವು ದಿನ ಕೆಡದೆ ನಿಲ್ಲುತ್ತವೆ, ರುಚಿಯಲ್ಲೂ ಸ್ವಲ್ಪ ಸಿಹಿ, ಮಕ್ಕಳು ಬೇಗ ಒಪ್ಪುತ್ತಾರೆ. ಸೊಪ್ಪು, ಹೀರೆ, ಹಾಗಲದ ಸರದಿ ದಸರಾ ರಜೆ ಮುಗಿದ ಮೇಲೆ ಬರಲಿ. ಪ್ರತಿಯೊಂದಕ್ಕೂ ಕನಿಷ್ಠ ಐದು ವಾರ ಕೊಡಿ, ವಾರಕ್ಕೆರಡು ಸಲ.