ಸಮತೋಲ ತೂಗುವ ಮಾತು, ಅಳೆಯುವ ಮಾತಲ್ಲ

ಬೇಲೂರಿನ ಮದನಿಕೆಯ ಫೋಟೋ ಹಾಕಿ ಕೆಳಗೆ ‘ಎಂಥ ಸಮಮಿತಿ!’ ಎಂದು ಬರೆಯುವವರು ತಪ್ಪದೆ ಸಿಗುತ್ತಾರೆ; ಸಮಮಿತಿ ಎಂದರೆ ಸಿಮೆಟ್ರಿ, ಎಡಬಲ ಕನ್ನಡಿಯಂತೆ ಹೊಂದುವುದು. ರಂಗೋಲಿ ಸ್ಪರ್ಧೆಯಲ್ಲಿ ಇದೇ ತಿರುಗಾಮುರುಗಾ: ಎಡಬಲ ಒಂದೇ ಥರ ಇದ್ದರೆ ‘ಸಮತೋಲ’ಕ್ಕೆ ಪೂರ್ತಿ ಅಂಕ. ಎರಡು ಪದದಲ್ಲೂ ‘ಸಮ’ ಇದೆ, ನಿಜ. ಉಳಿದರ್ಧವನ್ನೂ ಓದಬೇಕಲ್ಲ.

ತೋಲ ಬಂದಿದ್ದು ‘ತುಲ್’ ಧಾತುವಿನಿಂದ, ತೂಗು ಎಂದರ್ಥ. ತುಲಾಭಾರ, ತುಲನೆ, ಚಿನ್ನದ ತೊಲ ಎಲ್ಲ ಇದೇ ಮನೆಯವು. ಮಿತಿ ‘ಮಾ’ ಧಾತುವಿನದು, ಅಳೆ ಎಂದರ್ಥ; ಪ್ರಮಾಣ, ಪರಿಮಿತ ಅದರ ಬಳಗ. ಒಂದಕ್ಕೆ ತಕ್ಕಡಿ ಬೇಕು, ಇನ್ನೊಂದಕ್ಕೆ ಅಳತೆಪಟ್ಟಿ. ಇಂಗ್ಲಿಷ್ ಪದಗಳ ಬೇರು ಹುಡುಕಿದರೂ ಇದೇ ಕಥೆ: ಬ್ಯಾಲೆನ್ಸ್ ಲ್ಯಾಟಿನ್ನಿನ ಎರಡು ತಟ್ಟೆಯ ತಕ್ಕಡಿ, ಸಿಮೆಟ್ರಿಯೊಳಗಿನ ‘ಮೆಟ್ರಾನ್’ ಗ್ರೀಕರ ಅಳತೆ. ಸಂತೆಯಲ್ಲಿ ತಕ್ಕಡಿಯ ಒಂದು ತಟ್ಟೆಗೆ ಕಾಲು ಕೆಜಿ ಬಟ್ಟು, ಇನ್ನೊಂದಕ್ಕೆ ಮೆಣಸಿನಕಾಯಿ ರಾಶಿ. ತೂಕ ಮಾತ್ರ ಸಮ; ಆಕಾರ, ಬಣ್ಣ ಯಾವುದೂ ಅಲ್ಲ.

ಶ್ರವಣಬೆಳಗೊಳದ 58 ಅಡಿ ಗೊಮ್ಮಟ ಸಮಮಿತಿ. ಕಾಯೋತ್ಸರ್ಗದ ನಿಲುವು, ಅಂದರೆ ಕೈ ಇಳಿಬಿಟ್ಟು ನೆಟ್ಟಗೆ ನಿಂತ ಜೈನ ಧ್ಯಾನಭಂಗಿ; ನೆತ್ತಿಯಿಂದ ಪಾದದವರೆಗೆ ಗೆರೆ ಎಳೆದರೆ, ಬಳ್ಳಿಯ ಎಲೆಗಳನ್ನು ಬಿಟ್ಟು, ಎಡಕ್ಕಿದ್ದದ್ದೇ ಬಲಕ್ಕೆ. ಸಮಮಿತಿ ಇದ್ದಲ್ಲಿ ಸಮತೋಲ ತಾನಾಗಿಯೇ ಬರುತ್ತದೆ. ಮದನಿಕೆಯ ಕಥೆ ಬೇರೆ. ಮೈಭಾರ ಒಂದು ಕಾಲಿಗೆ, ಸೊಂಟ ಆ ಕಡೆ, ಭುಜ ಈ ಕಡೆ, ತಲೆ ಮತ್ತೆ ವಾಲಿದೆ. ನಡುವೆ ಗೆರೆ ಎಳೆದರೆ ಎರಡು ಪಾಲು ಹೋಲುವುದೇ ಇಲ್ಲ. ಆದರೂ ಬೀಳುವಂತೆ ಕಾಣುವುದಿಲ್ಲ, ಒಂದೊಂದು ವಾಲಿಗೂ ಎದುರುವಾಲು ಇದೆ. ಹಳೇಬೀಡಿನ ಹೊಯ್ಸಳೇಶ್ವರ ಜೋಡಿಗುಡಿಯನ್ನೂ ಕಣ್ಣುಮುಚ್ಚಿ ಸಮಮಿತಿ ಅನ್ನಬೇಡಿ: ದಕ್ಷಿಣದ ನಂದಿಮಂಟಪದ ಹಿಂದೆ ಸೂರ್ಯನ ಗುಡಿ ಇದೆ, ಉತ್ತರದ್ದಕ್ಕೆ ಇಲ್ಲ.

ಹಾಗಾದರೆ ಚಿತ್ರದಲ್ಲಿ ತೂಕ ಎಂದರೇನು? ಕಣ್ಣನ್ನು ಎಳೆಯುವ ಶಕ್ತಿ. ದೊಡ್ಡದು, ಕಪ್ಪಾದದ್ದು, ಕೆಂಪು, ಕುಸುರಿ ತುಂಬಿದ್ದು ತೂಕ ಜಾಸ್ತಿ. ಮುಖ ಇದ್ದರೆ ಇನ್ನೂ ಜಾಸ್ತಿ. ನಡುವಿನಿಂದ ದೂರ ಹೋದಷ್ಟೂ ತೂಕ ಏರುತ್ತದೆ, ಸೀಸಾ ಹಲಗೆಯ ತುದಿಗೆ ಕೂತ ಮಗುವಿನ ಹಾಗೆ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು, ನಡುಗೆರೆಯಿಂದ ಎಡಕ್ಕೆ 4 ಸೆಂ.ಮೀ. ದೂರದಲ್ಲಿ ಕೇಂದ್ರವಿರುವಂತೆ 6 ಸೆಂ.ಮೀ. ಬೂದು ಚೌಕ ಅಂಟಿಸಿ. ಬಲಕ್ಕೆ 11 ಸೆಂ.ಮೀ. ದೂರದಲ್ಲಿ 2 ಸೆಂ.ಮೀ. ಕಡುಗೆಂಪು ಬೊಟ್ಟು ಇಡಿ. ಬೊಟ್ಟನ್ನು ಮೆಲ್ಲಗೆ ಒಳಗೆ ತಳ್ಳುತ್ತ ಬಂದರೆ ಹಾಳೆ ಎಡಕ್ಕೆ ವಾಲಿದಂತೆ ಕಾಣತೊಡಗುತ್ತದೆ.

ಸಾಮಾನ್ಯ ಎಡವಟ್ಟು ಇಲ್ಲೇ. ಒಂದು ಕಡೆ ಭಾರ ಅನ್ನಿಸಿದ ಕೂಡಲೇ ಖಾಲಿ ಕಡೆಗೆ ಇನ್ನೊಂದು ಹೂವು, ಇನ್ನೊಂದು ದೀಪ. ಮದುವೆ ಫ್ಲೆಕ್ಸ್‌ಗಳು ಉಸಿರುಗಟ್ಟುವುದು ಹೀಗೆ. ಸೇರಿಸುವ ಮೊದಲು ಭಾರವಾದದ್ದನ್ನು ಒಂದಿಂಚು ಒಳಗೆ ಸರಿಸಿ ನೋಡಿ, ಇಲ್ಲವೇ ಬಣ್ಣ ತಿಳಿಮಾಡಿ.

ಪರೀಕ್ಷೆಯೂ ಬೇರೆ ಬೇರೆ. ಸಮಮಿತಿಗೆ ಹಾಳೆಯನ್ನು ನಡುವೆ ಮಡಚಿ ಬೆಳಕಿಗೆ ಹಿಡಿದರೆ ಸಾಕು. ಸಮತೋಲಕ್ಕೆ ಚಿತ್ರವನ್ನು ತಲೆಕೆಳಗು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ: ಮುಖ, ಅಕ್ಷರ ಯಾವುದೂ ಓದಲಾಗದೆ ಬರೀ ತೂಕ ಉಳಿಯುತ್ತದೆ.