ಮೋರೆ ಸಪೂರ, ಹೊಟ್ಟೆ?

ಶಿರಸಿ ಕಡೆ ಮದುವೆಮನೆಗೆ ಹೋದರೆ ಮೊದಲ ಮಾತು ಮೋರೆಯದ್ದೇ. "ಮೋರೆ ತುಂಬಿಕೊಂಡಿದೆ, ದಪ್ಪ ಆದೆ" ಅಂತಾರೆ. ಈ ಕಣ್ಣಳತೆಯನ್ನೇ ಕೊರಿಯಾದ ಸಂಶೋಧಕರು ಕಂಪ್ಯೂಟರಿಗೆ ಕಲಿಸಲು ನೋಡಿದ್ದಾರೆ. ಫೋಟೋದಲ್ಲಿ ಮುಖದ ಮೇಲೆ ಗುರುತು ಹಾಕಿ, ಕೆನ್ನೆ, ದವಡೆಗಳ ಅಗಲ ಅಳೆದು, ಅದರಿಂದ ಹೊಟ್ಟೆಯೊಳಗಿನ ಕೊಬ್ಬನ್ನು ಊಹಿಸುವ ಕೆಲಸ ಅದು. ಸಂಬಂಧ ಇದೆ ಅಂತಲೇ ಕಂಡಿತು. ಮೈ ಬಂದಾಗ ಕೆನ್ನೆ, ಗಲ್ಲದಡಿಗೂ ಕೊಬ್ಬು ಸೇರುತ್ತದೆ ಅಲ್ವಾ?

ಹೊಟ್ಟೆಯನ್ನು ಚಿವುಟಿದರೆ ಕೈಗೆ ಸಿಗುವುದು ಚರ್ಮದಡಿಯ ಕೊಬ್ಬು. ಜಾಸ್ತಿ ಅಪಾಯ ಕೈಗೆ ಸಿಗದ, ಕರುಳಿನ ಸುತ್ತ ಕೂತ ಕೊಬ್ಬಿನದು. ಅದರಿಂದ ಹೊರಟ ಕೊಬ್ಬಿನಾಮ್ಲಗಳು ರಕ್ತದ ಜೊತೆ ನೇರ ಲಿವರಿಗೆ ಹೋಗುತ್ತವೆ. ಬರಬರುತ್ತಾ ಲಿವರ್, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಸಕ್ಕರೆ ಕಾಯಿಲೆ ಹೀಗೆ ಹತ್ತಿರ ಬರುತ್ತದೆ.

ನಮ್ಮವರ ತೊಂದರೆ ಏನೆಂದರೆ, ಸಪೂರ ಕಂಡರೂ ಒಳಗೆ ಕೊಬ್ಬು ಇರಬಹುದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ ತಮ್ಮನ್ನೇ ಉದಾಹರಣೆ ಮಾಡಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಕೊಬ್ಬು ಮಾತ್ರ ಯಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2! ಈ ಅಂಕಿ ಓದಿದ ದಿನ ನನಗೆ ನಿಜಕ್ಕೂ ಗಾಬರಿಯಾಗಿತ್ತು.

ಹಾಗಾಗಿ ಕೊರಿಯಾದ ಮುಖಗಳಿಂದ ಕಲಿತ ಲೆಕ್ಕವನ್ನು ಸುಮ್ನೆ ಇಲ್ಲಿಗೆ ತಂದರೆ ನಡೆಯದು. ದವಡೆಯ ಎಲುಬು ಹುಟ್ಟಿನಿಂದ ಬಂದದ್ದು. ಅಂಕೋಲೆಯ ಹಾಲಕ್ಕಿಯವರು, ಯಲ್ಲಾಪುರದ ಸಿದ್ದಿಯವರು, ಕಾರವಾರದ ಕೊಂಕಣಿಯವರು, ಒಂದೇ ಜಿಲ್ಲೆಯಲ್ಲಿ ಎಷ್ಟು ಬಗೆಯ ಮುಖಗಳು! ಥೈರಾಯ್ಡ್ ಕಡಿಮೆಯಾದರೂ ಮೋರೆ ಬಾತುಕೊಳ್ಳುತ್ತದೆ. ತುಂಬಾ ದಿನ ಸ್ಟೀರಾಯ್ಡ್ ತಗೊಂಡರೂ ದುಂಡಗಾಗುತ್ತದೆ. ಇಲ್ಲಿಯವರ ಮುಖ, ಇಲ್ಲಿಯವರ ಹೊಟ್ಟೆ ಎರಡನ್ನೂ ಅಳೆದು ಲೆಕ್ಕ ಕಟ್ಟಿದರೆ ಮಾತ್ರ ಇದು ನಮ್ಮ ಕೆಲಸಕ್ಕೆ ಬಂದೀತು. ಯಾರಾದರೂ ಮಾಡಲಿ ಅಂತ ನನಗೆ ಬಹಳ ಆಸೆ.

ಅಲ್ಲಿಯವರೆಗೆ ದರ್ಜಿಯ ಟೇಪು ಇದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ ಸುತ್ತಬೇಕು. ಉಸಿರು ಬಿಟ್ಟ ಮೇಲೆ ನೋಡಬೇಕು, ಹೊಟ್ಟೆ ಒಳಗೆಳೆದುಕೊಳ್ಳಬಾರದು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು.

ನಮ್ಮ ದೊಡ್ಡಪ್ಪನ ಮೋರೆ ಸಪೂರ, ಕೆನ್ನೆ ಒಳಗೆ ಹೋಗಿದೆ. "ಸೊರಗಿದ್ದೀರಿ" ಅಂತ ಎಲ್ಲರೂ ಇನ್ನೊಂದು ಹೋಳಿಗೆ ಬಡಿಸುತ್ತಾರೆ. ಕಳೆದ ತಿಂಗಳು ಟೇಪು ಸುತ್ತಿ ನೋಡಿದೆವು. 97 ಇತ್ತು. ಮರುದಿನವೇ ಸಕ್ಕರೆ ಪರೀಕ್ಷೆಗೆ ಕರೆದುಕೊಂಡು ಹೋದೆ.