ಚಾರ್ಟ್ ಓದಿದರೂ ಕಣ್ಣು ಸರಿಯಿಲ್ಲ ಅಂದರೆ ನಂಬಿ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಹೊದಿಕೆ ಹಾಳಾಗುವ ಕಾಯಿಲೆ. ಅದಿರುವ ಎಷ್ಟೋ ಜನ ಹೇಳುವ ಮಾತಿದು: ಚಾರ್ಟಿನ ಕೊನೇ ಸಾಲಿನವರೆಗೂ ಓದುತ್ತೇನೆ, ಆದರೂ ಏನೋ ಸರಿಯಾಗಿ ಕಾಣುತ್ತಿಲ್ಲ. ಅವರ ಮಾತು ನಿಜ ಅಂತ ಅಳೆದು ತೋರಿಸೋಕೆ ವೈದ್ಯರಿಗೆ ನೂರು ವರ್ಷ ಬೇಕಾಯಿತು.

ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ನ ಮೊಮ್ಮಗ ಅಗಸ್ಟಸ್ ಡೆಸ್ಟೆಗೆ 1822ರ ಡಿಸೆಂಬರಿನಲ್ಲಿ, ಆಪ್ತರೊಬ್ಬರ ಅಂತ್ಯಕ್ರಿಯೆ ಮುಗಿದ ಬೆನ್ನಲ್ಲೇ, ಕಣ್ಣು ಮಂಜಾಯಿತು. ಬಂದ ಪತ್ರಗಳನ್ನು ಬೇರೆಯವರು ಓದಿ ಹೇಳಬೇಕಾಯಿತು. ಆಮೇಲೆ ಔಷಧವಿಲ್ಲದೆ ತಾನಾಗೇ ಸರಿಹೋಯಿತು. ಅವನು ಡೈರಿಯಲ್ಲಿ ಬರೆದಿಟ್ಟಿದ್ದರಿಂದ ನಮಗಿದು ಗೊತ್ತು. ಅದು ಎಂಎಸ್ ಅಂತ ಈಗ ಅನ್ನುತ್ತಾರೆ, ಕಾಯಿಲೆಗೆ ಆಗಿನ್ನೂ ಹೆಸರಿರಲಿಲ್ಲ; ಪ್ಯಾರಿಸ್ಸಿನ ನರರೋಗ ವೈದ್ಯ ಶಾರ್ಕೋ ಅದನ್ನು ಸ್ಪಷ್ಟವಾಗಿ ವಿವರಿಸಿದ್ದು 1868ರಲ್ಲಿ.

1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಇನ್ನೊಂದನ್ನು ಗಮನಿಸಿದರು. ಎಂಎಸ್ ಇರುವವರಿಗೆ ಮೈ ದಣಿದಾಗ ದೃಷ್ಟಿ ಮಂಕಾಗುತ್ತದೆ, ಸುಧಾರಿಸಿಕೊಂಡರೆ ಮರಳುತ್ತದೆ. ಕಾರಣ ದಣಿವಲ್ಲ, ಮೈಯ ಬಿಸಿ ಅಂತ ಆಮೇಲೆ ತಿಳಿಯಿತು. ನರದ ಮೇಲಿನ ಮೈಯೆಲಿನ್ ಹೊದಿಕೆ ಹಾಳಾದ ಕಡೆ, ಮೈ ಸ್ವಲ್ಪ ಕಾದರೂ ಸಂಕೇತ ಮುಂದಕ್ಕೆ ಹೋಗೋದಿಲ್ಲ. ಬಿಸಿನೀರಿನ ಸ್ನಾನ ಸಾಕು, ರಾಯಚೂರಿನ ಏಪ್ರಿಲ್ ಬಿಸಿಲಂತೂ ಕೇಳೋದೇ ಬೇಡ. ತಣ್ಣಗಾದರೆ ಸರಿಹೋಗುತ್ತದೆ, ಹೆದರಬೇಕಿಲ್ಲ. ಆದರೆ ಒಂದು ದಿನ ದಾಟಿದರೂ ಮಂಕು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ದೊಡ್ಡ ತಿರುವು 1972ರದ್ದು. ಲಂಡನ್ನಿನಲ್ಲಿ ಸಂಶೋಧಕರಾದ ಹ್ಯಾಲಿಡೇ, ಮೆಕ್‌ಡೊನಾಲ್ಡ್, ಮುಶಿನ್ ಮೂವರೂ ಸೇರಿ, ಕಣ್ಣಿನ ನರಕ್ಕೆ ಉರಿಯೂತ ಬಂದುಹೋದವರ ಮುಂದೆ ಕಪ್ಪು-ಬಿಳಿ ಚೌಕಗಳನ್ನು ಅದಲುಬದಲು ಮಾಡಿ ತೋರಿಸುತ್ತಾ, ತಲೆಯ ಹಿಂಭಾಗಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ಮೆದುಳಿನ ಪ್ರತಿಕ್ರಿಯೆ ಅಳೆದರು. ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರುವ ಅಲೆ ತಡವಾಗಿ ಬರುತ್ತಿತ್ತು. ಚಾರ್ಟ್ ಓದುವಷ್ಟು ದೃಷ್ಟಿ ಮರಳಿದ ಮೇಲೂ!

ಒಂದು ಕಣ್ಣಿನ ಸುದ್ದಿ ಮಾತ್ರ ತಡವಾದರೆ ಏನಾಗುತ್ತದೆ? ನೆಟ್ಟಗೆ ತೂಗುವ ಲೋಲಕ ಸುತ್ತು ಹಾಕಿದಂತೆ ಕಾಣುತ್ತದೆ. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಪುಲ್‌ಫ್ರಿಖ್ ಇದನ್ನು 1922ರಲ್ಲೇ ವಿವರಿಸಿದ್ದರು. ಒಂದು ಕಣ್ಣಿಗೆ ಕಪ್ಪು ಗಾಜು ಹಿಡಿದರೆ ಆ ಕಣ್ಣಿನ ಸುದ್ದಿ ತಡವಾಗಿ ಯಾರಿಗಾದರೂ ಹೀಗಾಗುತ್ತದೆ. ಎಂಎಸ್ ಇರುವವರಿಗೆ ಗಾಜು ಬೇಡ, ಅಡ್ಡ ಹಾಯುವ ಬೈಕ್ ಎಷ್ಟು ದೂರದಲ್ಲಿದೆ ಅನ್ನೋ ಅಂದಾಜೇ ತಪ್ಪಬಹುದು. ಚಾರ್ಟಿನ ಅಕ್ಷರ ಅಲ್ಲಾಡೋದಿಲ್ಲ ಅಲ್ವಾ, ಅದರಲ್ಲಿ ಇದು ಸಿಕ್ಕಿಬೀಳೋದಾದರೂ ಹೇಗೆ?

ಮುಂದೆ ಬೆಳಕಿನಿಂದ ಕಣ್ಣಿನೊಳಗಿನ ಪದರಗಳನ್ನು ಅಳೆಯುವ ಓಸಿಟಿ ಸ್ಕ್ಯಾನ್ ಬಂತು, ಕಣ್ಣಿನ ಹಿಂಬದಿಯ ಪರದೆ ರೆಟಿನಾದ ನರಪದರ ತೆಳುವಾಗಿರೋದು ನೇರವಾಗಿ ಕಾಣತೊಡಗಿತು. 2025ರಲ್ಲಿ ಪ್ರಕಟವಾದ ಹೊಸ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ ಕಣ್ಣಿನ ನರವನ್ನೂ ಎಂಎಸ್ ಪತ್ತೆಗೆ ಲೆಕ್ಕ ಹಿಡಿಯುವ ಐದನೇ ಜಾಗವಾಗಿ ಸೇರಿಸಿದ್ದಾರೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ ಕುಂಕುಮದ ಕೆಂಪು ಒಂದರಲ್ಲಿ ಮಾಸಿದಂತೆ ಕಂಡರೆ, ಕಣ್ಣು ಹೊರಳಿಸಿದಾಗ ನೋವಾದರೆ, ಚಾರ್ಟ್ ಓದಿಸಿ ಕಳಿಸಿದರೂ ಸುಮ್ನೆ ಬರಬೇಡಿ. ಚೌಕ ತೋರಿಸಿ ಅಲೆ ಅಳೆಯುವ ಪರೀಕ್ಷೆ (ವಿಇಪಿ), ಓಸಿಟಿ, ಇವನ್ನು ಕೇಳಿ ಮಾಡಿಸಿಕೊಳ್ಳಿ.